ಕಮಲಕ್ಕನ ಲಂಗೋಟಿ ಕೇಕು

ಅರಸೀಕೆರೆಯ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ಅಡ್ಡರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಕಮಲಾಕ್ಷಮ್ಮನ ಟೈಲರ್ ಅಂಗಡಿ. ಹದಿನಾರು ವರ್ಷದಿಂದ ಅವಳ ಮಿಷನ್ನಿನ ಸದ್ದು ಕೇಳುತ್ತಾ ಬಂದಿದ್ದೇನೆ. ಅದು ನಿಂತರೆ ನನಗೆ ಕೈ ಓಡುವುದಿಲ್ಲ, ಏನಾಯಿತೋ ಎಂದು ಎದ್ದು ಹೋಗಿ ನೋಡುತ್ತೇನೆ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವಳು, ನಾನು ಕರೆಯುವುದು ಕಮಲಕ್ಕ ಎಂದು.

ರವಿಕೆ, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್, ಏನು ಕೊಟ್ಟರೂ ಹೊಲಿಯುತ್ತಾಳೆ. ಹುಟ್ಟಲಿರುವ ಮಗುವಿಗೆ ಮಾತ್ರ ಹೊಲಿಯುವುದಿಲ್ಲ. ಬಸುರಿಯ ತಾಯಿ ಫ್ಲಾನೆಲ್ ಬಟ್ಟೆ ತಂದು ಮೇಜಿನ ಮೇಲಿಟ್ಟರೆ ಕಮಲಕ್ಕ ಅದನ್ನು ಕೈಯಲ್ಲೂ ಮುಟ್ಟದೆ ಸ್ಕೇಲಿನಿಂದ ಹಿಂದಕ್ಕೆ ತಳ್ಳುತ್ತಾಳೆ. "ಮಗು ಬರ್ಲಿ ಕಣ್ರೀ, ಆಮೇಲೆ ತನ್ನಿ. ಒಂದೇ ದಿನದಲ್ಲಿ ಹೊಲ್ದು ಕೊಡ್ತೀನಿ" ಎನ್ನುತ್ತಾಳೆ. ಇದೇನು ದುರಹಂಕಾರ ಎಂದು ಮೊದಮೊದಲು ನನಗೂ ಅನ್ನಿಸಿತ್ತು.

ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 2001ರಲ್ಲಿ ಅವಳಿಗೆ ಏಳು ತಿಂಗಳಾಗಿದ್ದಾಗ ಯಾರದೋ ಲಂಗದಲ್ಲಿ ಉಳಿದ ಹಳದಿ ಸ್ಯಾಟಿನ್ ಚೂರಿನಲ್ಲಿ ಒಂದು ಕುಲಾವಿ ಹೊಲಿದು ಮಿಷನ್ನಿನ ಡ್ರಾದಲ್ಲಿ ಬಚ್ಚಿಟ್ಟಿದ್ದಳು. ನಮ್ಮ ಕಡೆ ಮಗು ಹುಟ್ಟುವ ಮೊದಲು ಏನನ್ನೂ ತರುವುದಿಲ್ಲ, ಹೊಸ ಬಟ್ಟೆಯನ್ನಂತೂ ಇಲ್ಲವೇ ಇಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಯಾವುದಾದರೂ ಹಳೆಯ ಸೀರೆ ಚೂರನ್ನೇ. ಗೊತ್ತಿದ್ದೂ ಕಮಲಕ್ಕ ಆಸೆಗೆ ಬಿದ್ದು ಹೊಲಿದುಬಿಟ್ಟಳು. ದಿನ ತುಂಬಿ ಹುಟ್ಟಿದ ಗಂಡುಮಗು ಅಳಲೇ ಇಲ್ಲ. ಕತ್ತರಿ ಹುಡುಕಲು ಡ್ರಾ ಎಳೆದ ಅತ್ತೆಗೆ ಕುಲಾವಿ ಸಿಕ್ಕಿತು. ಅವತ್ತಿನಿಂದ ನಂಟರಿಗೆಲ್ಲ ಅವಳು "ಹುಟ್ಟೋಕ್ ಮುಂಚೆ ಟೋಪಿ ಹೊಲ್ದೋಳು". ಆಮೇಲೆ ಮಕ್ಕಳಾಗಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಗಂಡ ಪರವಾಗಿಯೂ ಒಂದು ಮಾತಾಡಲಿಲ್ಲ, ವಿರೋಧವಾಗಿಯೂ ಆಡಲಿಲ್ಲ. ಬಾಯಿ ಬಿಡದಿರುವುದನ್ನೇ ಒಳ್ಳೆಯತನ ಎಂದುಕೊಂಡ ಗಂಡಸರಲ್ಲಿ ಅವನೂ ಒಬ್ಬ.

ನನಗೆ ಮೈ ಉರಿಯುವುದು ಇದಕ್ಕಲ್ಲ. ನಂಟರು ಆಡಿದ್ದನ್ನು ಕಮಲಕ್ಕನೂ ನಂಬಿಬಿಟ್ಟಿದ್ದಳು.

"ಟೋಪಿಗೂ ಮಗೂಗೂ ಏನಕ್ಕ ಸಂಬಂಧ? ತಲೆ ಕೆಟ್ಟೈತಾ ನಿಂಗೆ?" ಎಂದು ಎಷ್ಟು ಸಲ ಜಗಳಾಡಿದ್ದೇನೋ.

"ನಿಂಗೆ ಎರಡವೆ ಶ್ಯಾಮಲಾ. ನೀನು ಏನ್ ಬೇಕಾದ್ರೂ ಹೇಳ್ಬಹುದು" ಎನ್ನುತ್ತಿದ್ದಳು.

ಇಂಥವಳ ಹತ್ತಿರ ಡಯಾಪರ್ ಕೇಕು ಮಾಡಿಕೊಡು ಎಂದು ಕೇಳಿದವಳು ಉಷಾರಾಣಿ. ಕಮಲಕ್ಕನ ಅಣ್ಣ ಕೆಂಚಪ್ಪನ ಒಬ್ಬಳೇ ಮಗಳು. ಗಂಡಸಿ ಊರಿನಲ್ಲಿ ಕೆಂಚಪ್ಪನಿಗೆ ತೆಂಗಿನ ತೋಟ ಇದೆ. ಪಿಯುಸಿಗೆ ಅರಸೀಕೆರೆಗೆ ಬಂದ ಹುಡುಗಿ ಬಿ.ಕಾಂ. ಮುಗಿಯುವವರೆಗೂ ಐದು ವರ್ಷ ಅತ್ತೆಯ ಮನೆಯಲ್ಲೇ ಇದ್ದಳು. ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಬಂದು ಗುಂಡಿ ಹಚ್ಚಿಕೊಡುತ್ತಿದ್ದಳು. ಆ ಐದು ವರ್ಷ ಕಮಲಕ್ಕ ಮಧ್ಯಾಹ್ನ ಬುತ್ತಿ ತಿನ್ನುವಾಗಲೂ ಏನಾದರೂ ಹಾಡಿಕೊಳ್ಳುತ್ತಿದ್ದುದು ನನಗೆ ನೆನಪಿದೆ. ಆಮೇಲೆ ಹಗರೆಯ ಶರತ್ಚಂದ್ರನಿಗೆ ಕೊಟ್ಟು ಮದುವೆಯಾಯಿತು. ಅವನು ಅಲ್ಲಿನ ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದಾನೆ, ಪಾಪದ ಹುಡುಗ.

ಹೋದ ವರ್ಷದ ಕೊನೆಯಲ್ಲಿ ಒಂದು ದಿನ ಆರು ತಿಂಗಳ ಬಸುರಿ ಉಷಾ ಅತ್ತೆಯ ಫೋನಿಗೆ ವಿಡಿಯೋ ಕಳಿಸಿದಳು. ಮಗುವಿನ ಡಯಾಪರುಗಳನ್ನು ಸುರುಳಿ ಸುತ್ತಿ, ನಿಲ್ಲಿಸಿ, ರಿಬ್ಬನ್ ಕಟ್ಟಿ, ಒಂದರ ಮೇಲೊಂದರಂತೆ ಮೂರು ಅಂತಸ್ತು ಜೋಡಿಸಿದ್ದು. ನೋಡಿದರೆ ಥೇಟ್ ಬೇಕರಿ ಕೇಕು. ಸೀಮಂತಕ್ಕೆ ಉಡುಗೊರೆ ಕೊಡುತ್ತಾರಂತೆ. ಹೊಲಿಯುವಾಗ ಕೈ ಬಿಡುವಿರುವುದಿಲ್ಲವೆಂದು ಕಮಲಕ್ಕನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಹಾಗಾಗಿ ಅವರ ಮಾತೆಲ್ಲ ನನಗೂ ಕೇಳುತ್ತದೆ.

"ಅತ್ತೆ, ಇದನ್ನ ನೀನೇ ಮಾಡ್ಕೊಡ್ಬೇಕು. ಮತ್ತೆ ಸೀಮಂತದ ದಿನ ಮೊದಲನೇ ಬಳೆ ನೀನೇ ತೊಡಿಸ್ಬೇಕು ನಂಗೆ."

"ನಾನಾ?" ಎಂದಳು ಕಮಲಕ್ಕ.

"ಇನ್ಯಾರು? ಐದು ವರ್ಷ ಜಡೆ ಹಾಕಿದ್ದು ಯಾರು?"

ಮೂರು ದಿನ ಮಿಷನ್ನು ಸರಿಯಾಗಿ ಓಡಲಿಲ್ಲ. ಬೇಡ ಎನ್ನಲು ಅವಳಿಗೆ ಬಾಯಿಲ್ಲ, ಮಾಡಲು ಧೈರ್ಯವಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಬಂದು ನಿಂತಳು.

"ಹೊಸದನ್ನ ತರಬಾರ್ದು ಅಷ್ಟೇ ತಾನೇ? ಹಳೇ ಬಟ್ಟೆಗೆ ದೋಷ ಇಲ್ವಲ್ಲ? ಹಳೇ ಸೀರೇಲಿ ಲಂಗೋಟಿ ಹೊಲ್ದು ಅದರಲ್ಲೇ ಕೇಕ್ ಮಾಡಿದ್ರೆ?"

"ಮಾಡು" ಎಂದೆ.

"ಎಂಥೆಂಥೋರ ಸೀರೆ ಆಗಕಿಲ್ಲ. ಹೆತ್ತ ಮಕ್ಕಳೆಲ್ಲ ಬದುಕಿರೋ ಏಳು ಜನದ್ದು ಆಗಬೇಕು."

ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಅವಳೇ ಕಟ್ಟಿಕೊಂಡ ಶಾಸ್ತ್ರ. ಆದರೆ ಅವಳ ಮುಖ ನೋಡಿ ನಾನು ನಗಲಿಲ್ಲ. ನನ್ನ ಮಗನಿಗೆ ಜೋಲಿ ಕಟ್ಟಿದ್ದ ಗುಲಾಬಿ ಕಾಟನ್ ಸೀರೆ ಕೊಟ್ಟೆ. ಹೂ ಮಾರುವ ದ್ಯಾವಮ್ಮ ಒಂದು ಕೊಟ್ಟಳು, ಅವಳಿಗೆ ಐದು ಮಕ್ಕಳು, ಐದೂ ಗಟ್ಟಿ. ಹೀಗೆ ಮನೆಮನೆ ತಿರುಗಿ ಕಮಲಕ್ಕ ಸೀರೆ ಕೂಡಿಸಿದಳು. ಕೇಳುವಾಗ ಮೊದಲು ಮಕ್ಕಳ ಲೆಕ್ಕ ಕೇಳುತ್ತಿದ್ದಳು, ಆಮೇಲೆ ಸೀರೆ.

ಬೇವಿನ ಸೊಪ್ಪು ಹಾಕಿ ಕುದಿಸಿ, ಒಗೆದು, ಮೂರು ಬಿಸಿಲು ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಾಕಿದಳು. ಒಳಗೆ ಎರಡು ಪದರ, ಅಂಚಿಗೆ ಸಣ್ಣ ಹೊಲಿಗೆ, ಮಗುವಿನ ತೊಡೆಗೆ ಒತ್ತದ ಹಾಗೆ. ಅರವತ್ತೈದು ಲಂಗೋಟಿ. ಒಂದೊಂದನ್ನೂ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಗುಂಡುಪಿನ್ನು ಬೇಡವೇ ಬೇಡ, ಒಂದು ಒಳಗೆ ಉಳಿದುಹೋದರೆ ಮಗುವಿಗೆ ಚುಚ್ಚುತ್ತದೆ ಎಂದು. ಕೆಳಗಿನ ದುಂಡನೆಯ ರಟ್ಟು ನಾನು ಕತ್ತರಿಸಿ ಕೊಟ್ಟೆ. ನಡುವೆ ನಿಲ್ಲಿಸಲು ಬಟ್ಟೆ ಥಾನಿನ ಒಳಗಿರುವ ರಟ್ಟಿನ ಕೊಳವೆ. ಅದರ ಸುತ್ತ ಕೆಳಗೆ ಮೂವತ್ತಾರು, ಮಧ್ಯದಲ್ಲಿ ಇಪ್ಪತ್ತು, ಮೇಲೆ ಒಂಬತ್ತು. ಮೇಲಿನ ಎರಡು ಅಂತಸ್ತಿಗೆ ನನ್ನ ಅಂಗಡಿಯ ರಿಬ್ಬನ್ನು. ಕೆಳಗಿನದಕ್ಕೆ ಮಾತ್ರ ರಿಬ್ಬನ್ ಬೇಡವೆಂದು ಯಾವುದೋ ನೀಲಿ ಚೌಕಳಿ ಸೀರೆಯ ಉದ್ದನೆಯ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ತುದಿಗೆ ಗೊಂಬೆಯ ಬದಲು ಅರಿಶಿನ ಕುಂಕುಮ ಹಚ್ಚಿದ ಒಂದು ಉಂಡೆ ಕೊಬ್ಬರಿ. ಆ ಬೀದಿಯವರೆಲ್ಲ ಬಂದು ನೋಡಿಹೋದರು. ಮುಂದಿನ ಓಣಿಯ ಮಾದಮ್ಮ ಅದಕ್ಕೆ "ಲಂಗೋಟಿ ಕೇಕು" ಎಂದು ಹೆಸರಿಟ್ಟಳು.

ಸಂಕ್ರಾಂತಿ ಕಳೆದು ಬಂದ ಭಾನುವಾರ ಸೀಮಂತ, ಹಗರೆಯಲ್ಲಿ, ಗಂಡನ ಮನೆಯಲ್ಲಿ. ಕೇಕು ಹಿಡಿದುಕೊಳ್ಳಲು ಇಬ್ಬರಾದರೂ ಬೇಕಾಗಿತ್ತು, ನಾನೂ ಹೊರಟೆ. ಜಾವಗಲ್ ಮೇಲೆ ಹೋಗುವ ಹಳೇಬೀಡಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಫ್ರೀ ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಕೇಕು ನೋಡಿ ಇಬ್ಬರು ಎದ್ದು ಸೀಟು ಬಿಟ್ಟರು. ಕಂಡಕ್ಟರ್ ಬಗ್ಗಿ ನೋಡಿ, "ಇದಕ್ಕೂ ಆಧಾರ್ ಕಾರ್ಡ್ ಐತಾ ಅಮ್ಮಾ?" ಎಂದ. ಕಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳ ಕೈಚೀಲದಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ ಇತ್ತು. ಉಷಾಳ ಕೈ ಅಳತೆಯನ್ನು ಬಳೆ ಅಂಗಡಿಯವನಿಗೆ ಅವಳು ಬಾಯಲ್ಲಿ ಹೇಳಬೇಕಾಗಿಯೂ ಇರಲಿಲ್ಲ, ತನ್ನ ಬೆರಳು ಮಡಚಿ ತೋರಿಸಿದ್ದಳು. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ಹಗರೆ ತಲುಪುವವರೆಗೂ ಆ ಚೀಲವನ್ನು ಅವಳು ಕೆಳಗಿಡಲಿಲ್ಲ.

ಮನೆಯ ಮುಂದೆ ಶಾಮಿಯಾನ, ಒಳಗೆ ಹೆಂಗಸರ ಗದ್ದಲ. ಉಷಾಳನ್ನು ಹಸಿರು ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಬಾಗಿಲಲ್ಲೇ ಶರತ್ಚಂದ್ರನ ತಾಯಿ ಎದುರಾದಳು. ಕೇಕನ್ನು ನೋಡಿ "ಅಬ್ಬಬ್ಬಾ" ಎಂದಳು. ಆಮೇಲೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ನಿಮಗೆಷ್ಟು ಮಕ್ಕಳಮ್ಮ?"

"ಎರಡು."

"ಇಬ್ರೂ ಚೆನ್ನಾಗವ್ರೆ ತಾನೇ?"

"ಹೂಂ."

"ಹಂಗಾದ್ರೆ ಇದನ್ನ ನೀವೇ ಕೊಟ್ಬಿಡಿ. ಕಮಲಾಕ್ಷಮ್ಮನೋರು ಮಾಡಿದ್ದು ಅಂತ ಎಲ್ರಿಗೂ ನಾನೇ ಹೇಳ್ತೀನಿ, ಅದಕ್ಕೇನು. ಕೈ ಮಾತ್ರ ನಿಮ್ದಿರ್ಲಿ. ಬಳೆನೂ ಅಷ್ಟೇ. ನೀವು ತಪ್ಪು ತಿಳ್ಕೋಬ್ಯಾಡಿ, ಮೊದಲನೇ ಬಸುರು, ನಮಗೂ ಭಯ."

ಬೈಯುವ ದನಿಯಲ್ಲ, ಬಹಳ ಮೃದುವಾಗಿ ಹೇಳಿದಳು. ನಾನು ಬೇರೆ ಜಾತಿಯವಳು, ಬೇರೆ ಊರಿನವಳು, ಉಷಾಳಿಗೆ ಏನೂ ಆಗಬೇಕಾದವಳಲ್ಲ. ಆದರೆ ನನಗೆ ಎರಡು ಮಕ್ಕಳಿದ್ದಾರೆ, ಅಷ್ಟು ಸಾಕಾಗಿತ್ತು. ಆಗುವುದಿಲ್ಲ ಎನ್ನಬೇಕಾಗಿತ್ತು ನಾನು. ಜೆರಾಕ್ಸ್ ಸ್ವಲ್ಪ ಮಸುಕಾಯಿತು ಎಂದವರ ಮೇಲೆ ಹಾರಿಬೀಳುವ ನನ್ನ ಬಾಯಿ ಅವತ್ತು "ಆಗ್ಲಿ" ಎಂದಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಮಲಕ್ಕ ಎಲ್ಲವನ್ನೂ ದೂರದಿಂದಲೇ ಅರ್ಥ ಮಾಡಿಕೊಂಡಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಅಲ್ಲಿರಲಿಲ್ಲ. ಹಿತ್ತಿಲಿಗೆ ಹೋಗಿ ಅಡುಗೆಯವರ ಜೊತೆ ನೆನೆಸಿದ ಅವರೆಕಾಳು ಹಿದುಕಲು ಕೂತುಬಿಟ್ಟಿದ್ದಳು.

ನಾನು ಕೇಕು ಕೊಟ್ಟೆ. ಅವರ ಮನೆಯ ತಟ್ಟೆಯಲ್ಲಿದ್ದ ಬಳೆ ತೊಡಿಸಿದೆ, ಆರತಿ ಎತ್ತಿದೆ. ಫೋಟೋದವನು ನನ್ನನ್ನು ಕೇಕಿನ ಪಕ್ಕ ನಿಲ್ಲಿಸಿ ಎರಡು ಫೋಟೋ ತೆಗೆದ. ಉಷಾ ಸುತ್ತ ನೋಡಿ "ಅತ್ತೆ ಎಲ್ಲಿ?" ಎಂದಳು. ಅವಳ ತಾಯಿ "ಒಳಗವ್ಳೆ, ಬತ್ತಾಳೆ ಬಿಡು" ಎಂದಳು. ಉಷಾ ಇನ್ನೊಂದು ಸಲ ಕೇಳಲಿಲ್ಲ. ಕೇಳಬಹುದಾಗಿತ್ತು, ಅವತ್ತು ಅವಳ ಮಾತು ತೆಗೆದುಹಾಕುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೂ ಎಲ್ಲೋ ಹೆದರಿಕೆ ಇತ್ತು ಅನ್ನಿಸುತ್ತದೆ.

ಊಟವಾದ ಮೇಲೆ ಹಿತ್ತಿಲಿಗೆ ಹೋದೆ. ಕಮಲಕ್ಕನ ಬೆರಳ ತುದಿಗಳೆಲ್ಲ ನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದವು.

"ಏನಂದ್ಲು?"

"ಬಾಳ ಚೆನ್ನಾಗೈತೆ ಅಂದ್ಲು."

"ಬಿಚ್ಚಲಿಲ್ಲ ತಾನೇ?"

"ಇಲ್ಲ."

"ಬಿಚ್ಚಬಾರ್ದು. ಮಗು ಬಂದ್ಮೇಲೆ ಬಿಚ್ಚಬೇಕು" ಎಂದು ಕೈ ಒರೆಸಿಕೊಂಡು ಎದ್ದಳು. ಚೀಲದಲ್ಲಿದ್ದ ಬಳೆ ಚೀಲದಲ್ಲೇ ವಾಪಸು ಬಂತು.

ಉಷಾ ಬಾಣಂತನಕ್ಕೆ ಗಂಡಸಿಗೆ ಬಂದಳು, ಕೇಕನ್ನೂ ಜೊತೆಗೇ ತಂದಳು. ತನ್ನ ಕೋಣೆಯ ಬೀರುವಿನ ಮೇಲೆ ಇಟ್ಟುಕೊಂಡಿದ್ದಾಳೆಂದು ಫೋನಿನಲ್ಲಿ ಹೇಳಿದಾಗ ಕಮಲಕ್ಕನ ಮುಖ ಸ್ವಲ್ಪ ತಿಳಿಯಾಯಿತು. ಶಿವರಾತ್ರಿ ಕಳೆದು ಹದಿನೈದು ದಿನ ಆಗಿರಬೇಕು, ಒಂದು ಬೆಳಿಗ್ಗೆ ಉಷಾ, ಹೊಟ್ಟೆಯಲ್ಲಿ ಮಗು ಆಡುತ್ತಿಲ್ಲ ಎಂದಳಂತೆ. ಕಾರು ಮಾಡಿಕೊಂಡು ಹಾಸನಕ್ಕೆ ಓಡಿದರು. ಸ್ಕ್ಯಾನಿಂಗಿನಲ್ಲಿ ಎಲ್ಲ ಮುಗಿದಿತ್ತು. ಸಂಜೆಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಉಸಿರಿರಲಿಲ್ಲ. ಯಾರ ತಪ್ಪೂ ಅಲ್ಲ, ಹೀಗೆ ಆಗುವುದುಂಟು ಎಂದು ಡಾಕ್ಟರು ಹೇಳಿದರಂತೆ. ಮಾರನೆಯ ದಿನ ಗಂಡಸಿಯ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಬರುತ್ತೇನೆ ಎಂದ ತಂಗಿಗೆ ಕೆಂಚಪ್ಪ ಫೋನಿನಲ್ಲಿ "ಸದ್ಯಕ್ಕೆ ಬರೋದ್ ಬ್ಯಾಡ ಕಣವ್ವ" ಎಂದ.

ಮೂರನೆಯ ದಿನ ಬೆಳಿಗ್ಗೆ ಅವನೇ ಟಿವಿಎಸ್ ಗಾಡಿಯಲ್ಲಿ ಬಂದ. ಹಿಂದೆ ಒಂದು ಗೊಬ್ಬರದ ಚೀಲ ಕಟ್ಟಿದ್ದ. ಬಿಚ್ಚಿ ತಂದು ಕಮಲಕ್ಕನ ಮಿಷನ್ನಿನ ಪಕ್ಕ ಇಟ್ಟ. ಚೀಲದ ಬಾಯಿಯಲ್ಲಿ ನನ್ನ ಅಂಗಡಿಯ ರಿಬ್ಬನ್ನು ಕಾಣುತ್ತಿತ್ತು.

"ನಿಮ್ಮತ್ತಿಗೆ ಇದು ಮನೇಲಿರೋದು ಬ್ಯಾಡ ಅಂತಾಳೆ" ಎಂದ, ನೆಲ ನೋಡಿಕೊಂಡು.

"ಕಾಫಿ ಕುಡ್ದು ಹೋಗಣ್ಣ" ಎಂದಳು ಕಮಲಕ್ಕ.

"ಕೆಲಸ ಐತೆ" ಎಂದು ಅವನು ಹೊರಟುಹೋದ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಅವನು ಹೋದ ದಾರಿಗೆ ಕೇಳುವ ಹಾಗೆ ಬೈದೆ. ಹಳೇ ಸೀರೆಯ ಲಂಗೋಟಿ ಯಾವ ಮಗುವನ್ನು ಕೊಲ್ಲುತ್ತದೆ? ಏಳು ಮನೆ ತಿರುಗಿ ಮಕ್ಕಳ ಲೆಕ್ಕ ಕೇಳಿ ತಂದ ಬಟ್ಟೆ ಅದು.

"ಏಳಲ್ಲ ಶ್ಯಾಮಲಾ" ಎಂದಳು ಕಮಲಕ್ಕ. "ಆರು."

ನನಗೆ ಅರ್ಥವಾಗಲಿಲ್ಲ.

"ಏಳನೇದು ನಂದು. ಆ ನೀಲಿ ಚೌಕಳಿ. ನಂಗೆ ಹಾಲು ಬಂದಾಗ ನಮ್ಮವ್ವ ಎದೆಗೆ ಬಿಗಿದಿದ್ದು ಅದೇ ಸೀರೇಲಿ. ಅವತ್ತಿಂದ ಟ್ರಂಕಲ್ಲಿತ್ತು. ಏಳನೇ ಸೀರೆ ಎಲ್ಲಾದ್ರೂ ಸಿಕ್ತಿತ್ತು, ನಾನು ಕೇಳಕ್ಕೆ ಹೋಗ್ಲಿಲ್ಲ. ನಂದೂ ಒಂದು ಚೂರು ಇರ್ಲಿ ಅಂತ ಆಸೆ ಆಯ್ತು. ಅವತ್ತು ಟೋಪಿ, ಇವತ್ತು ಇದು. ನನ್ನ ಆಸೆನೇ ಹಿಂಗೆ ಕಣೇ."

ಅವಳು ಅಳಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಸುಳ್ಳು ಕಣಕ್ಕ, ಹಂಗೆಲ್ಲ ಇಲ್ಲ ಎಂದು ನಾನು ಏನೇನೋ ಹೇಳಿದೆ. ಅವಳ ಕಿವಿಗೆ ಬೀಳಲಿಲ್ಲ.

"ನಂದು ಗಂಡೋ ಹೆಣ್ಣೋ ಅಂತ ಅವತ್ತು ಒಬ್ರೂ ಕೇಳ್ಲಿಲ್ಲ" ಎಂದಳು. "ಟೋಪಿ ವಿಷಯ ಎಲ್ರೂ ಕೇಳಿದ್ರು."

ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಹೊಡೆದುಕೊಂಡಿತು. ಉಷಾಳ ಹೆಸರು ನೋಡಿ ಕಮಲಕ್ಕ ಫೋನನ್ನು ನನ್ನ ಕಡೆ ತಳ್ಳಿದಳು, ಒತ್ತಿದವಳು ನಾನು. ಆ ಕಡೆ ಉಷಾಳ ದನಿ, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ.

"ಅತ್ತೆ, ನಿಂಗೂ ಹಾಲು ಬಂದಿತ್ತಾ?"

ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಪಕ್ಕದಲ್ಲೇ ಕೂತ ನಾನೂ ಕೇಳಿರಲಿಲ್ಲ.

"ಬಂದಿತ್ತು ಕಣವ್ವ" ಎಂದಳು ಕಮಲಕ್ಕ. "ಮೂರನೇ ದಿನ."

"ಎಷ್ಟು ದಿನ ಬರುತ್ತೆ?"

"ನಂಗೆ ಹನ್ನೊಂದು ದಿನ ಬಂತು."

"ಆಸ್ಪತ್ರೇಲಿ ಮಾತ್ರೆ ಕೊಟ್ಟಿದ್ರು. ಆದ್ರೂ ಬಂದಿದೆ. ಕಲ್ಲಾಗೋಗಿದೆ ಅತ್ತೆ, ಮುಟ್ಟೋಕಾಗ್ತಿಲ್ಲ. ಅಮ್ಮ ಮಲ್ಲಿಗೆ ಹೂ ಕಟ್ಟಿದಾಳೆ, ನಿಲ್ಲುತ್ತೆ ಅಂತ. ರವಿಕೆ, ಹಾಸಿಗೆ ಎಲ್ಲ ನೆನೆದಿದೆ. ಇಲ್ಲಿ ಯಾರೂ ಅದರ ಮಾತೇ ಆಡ್ತಿಲ್ಲ. ನೋಡಿದ್ರೂ ನೋಡದೇ ಇರೋ ಥರ ಹೋಗ್ತಾರೆ. ನೀನು ಬಾ."

ಫೋನು ಇಟ್ಟಮೇಲೆ ಕಮಲಕ್ಕ ನನ್ನ ಕಡೆ ನೋಡಿದಳು. "ನಾನು ಹೋಗಬಹುದಾ?" ಎಂದು ನನ್ನನ್ನು ಕೇಳಿದಳು. ನಾನು ಅಂಗಡಿಯ ಷಟರ್ ಎಳೆದು ಬೀಗ ಹಾಕಿದೆ, ಗೊಬ್ಬರದ ಚೀಲ ಎತ್ತಿ ಹೆಗಲ ಮೇಲೆ ಹಾಕಿಕೊಂಡೆ.

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಆಟೋ ಹಿಡಿದು ಮನೆ ತಲುಪುವಾಗ ಒಂದು ಗಂಟೆ. ಉಷಾಳ ತಾಯಿ ಜಗುಲಿಯಲ್ಲಿ ಕೂತಿದ್ದಳು. ಕಣ್ಣು ಊದಿಕೊಂಡಿತ್ತು, ಮೂರು ದಿನದಿಂದ ತಲೆ ಬಾಚಿರಲಿಲ್ಲ. ಅವಳನ್ನು ಕೆಟ್ಟವಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಚೀಲ ನೋಡಿದ ಕೂಡಲೇ ಎದ್ದು ನಿಂತಳು.

"ಅದನ್ನ ಯಾಕ್ ತಿರ್ಗಾ ತಂದೆ ಕಮಲ?"

"ಉಷಾ ಕರೆದ್ಲು ಅತ್ತಿಗೆ."

ಅವಳು ಬಾಗಿಲಿಗೆ ಅಡ್ಡ ನಿಂತು ನನ್ನ ಕಡೆ ತಿರುಗಿದಳು. "ನೀವು ಬೇಕಾದ್ರೆ ಒಳಗೆ ಹೋಗಿ ಮಾತಾಡಿಸ್ಕೊಂಡು ಬನ್ನಿ. ಅದೇನು ಕೊಡೋದೈತೋ ನೀವೇ ಕೊಡಿ. ಇವಳು ಇಲ್ಲೇ ಕೂತಿರ್ಲಿ."

ಅದೇ ಮಾತು, ಹಗರೆಯಲ್ಲಿ ಕೇಳಿದ್ದು. ಈ ಸಲ ನನ್ನ ಬಾಯಿ ಬಿದ್ದುಹೋಗಲಿಲ್ಲ.

"ನಂಗೆ ಇದು ಗೊತ್ತಿಲ್ಲ ಕಣ್ರಮ್ಮ" ಎಂದೆ. "ನನ್ನ ಇಬ್ಬರು ಮಕ್ಕಳೂ ಕುಡಿದು ಬೆಳೆದ್ರು. ಕುಡಿಯೋ ಮಗು ಇಲ್ಲದ ಹಾಲಿಗೆ ಏನ್ ಮಾಡ್ಬೇಕು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರೋರು ಇವರೊಬ್ರೇ. ದಾರಿ ಬಿಡಿ."

ಒಳಗಿನಿಂದ ಉಷಾ "ಅತ್ತೆ" ಎಂದು ಕೂಗಿದಳು. ತಾಯಿ ಬಾಗಿಲು ಬಿಟ್ಟು ಗೋಡೆಗೆ ಒರಗಿ ಸೆರಗು ಮುಚ್ಚಿಕೊಂಡಳು.

ಕೋಣೆಯ ತುಂಬ ಬಾಡಿದ ಮಲ್ಲಿಗೆಯ ವಾಸನೆ, ಅದರ ಕೆಳಗೆ ಹುಳಿ ಹಿಡಿದ ಹಾಲಿನ ವಾಸನೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಉಷಾ ಎದ್ದು ಕೂತಳು. ಕಮಲಕ್ಕ ಬಿಸಿನೀರು ತರಿಸಿದಳು. ಎದೆಗೆ ಬಿಗಿದಿದ್ದ ಹೂವಿನ ದಂಡೆಯನ್ನೂ ಒದ್ದೆ ಟವೆಲ್ಲನ್ನೂ ಬಿಚ್ಚಿ ಎಸೆದಳು. ಚೀಲದಿಂದ ಕೇಕನ್ನು ಎತ್ತಿ ಮಂಚದ ಮೇಲೆ ಇಟ್ಟಳು, ನೀಲಿ ಪಟ್ಟಿಯ ಗಂಟು ಬಿಚ್ಚಿದಳು. ಕೆಳಗಿನ ಅಂತಸ್ತು ಸಡಿಲಾಗಿ ಲಂಗೋಟಿ ಸುರುಳಿಗಳು ಹಾಸಿಗೆಯ ತುಂಬ ಉರುಳಿದವು.

"ನಂಗೆ ಬಿಗಿಯಾಗಿ ಕಟ್ಟಿದ್ರು, ಗಟ್ಟಿಯಾಗಿ ಕೀವಾಯ್ತು. ನಿಂಗೆ ಬಿಗಿಯಕಿಲ್ಲ" ಎಂದಳು. "ನೋವಾದ್ರೆ ಸ್ವಲ್ಪ ಸ್ವಲ್ಪ ಹಿಂಡಬೇಕು, ಪೂರ್ತಿ ಹಿಂಡಬಾರ್ದು. ಜ್ವರ ಬಂದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀನಿ. ಅಳು ಬಂದ್ರೆ ಅಳು."

ಎರಡೆರಡು ಲಂಗೋಟಿ ಮಡಚಿ ಎರಡೂ ಕಡೆ ಇಟ್ಟು, ಮೇಲೆ ನೀಲಿ ಪಟ್ಟಿಯನ್ನು ಸಡಿಲವಾಗಿ ಸುತ್ತಿದಳು. ಉಷಾ ಅದನ್ನು ಮುಟ್ಟಿ ನೋಡಿದಳು.

"ಇದು ಯಾರ ಸೀರೆ?"

ಕಮಲಕ್ಕ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದಳು.

"ನಂದು. ಅವತ್ತು ನಂಗೆ ಕಟ್ಟಿದ್ದು ಇದೇ. ಕೇಕಲ್ಲಿ ಸೇರಿಸಬಾರ್ದಾಗಿತ್ತು, ಸೇರಿಸ್ದೆ."

"ಮೆತ್ತಗಿದೆ" ಎಂದಳು ಉಷಾ. ಆಮೇಲೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ಮೂರು ದಿನದಿಂದ ಅತ್ತಿರದ ಹುಡುಗಿ, ಬಾಯಿಬಿಟ್ಟು ಅತ್ತಳು. ಕಮಲಕ್ಕನೂ ಅತ್ತಳು. ನಾನು ಹೊರಗೆ ಬಂದು ಜಗುಲಿಯಲ್ಲಿ ಉಷಾಳ ತಾಯಿಯ ಪಕ್ಕ ಕೂತೆ.

ಕಮಲಕ್ಕ ಅಲ್ಲೇ ಉಳಿದಳು. ಮುಂದಿನ ಭಾನುವಾರ ಅವಳ ಎರಡು ಸೀರೆ ತೆಗೆದುಕೊಂಡು ನಾನು ಮತ್ತೆ ಹೋದೆ. ದೂರದಿಂದಲೇ ಕಂಡಿತು. ಮನೆಯ ಮುಂದಿನ ಅಂಗಳದಲ್ಲಿ ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ, ಅದರ ಉದ್ದಕ್ಕೂ ಲಂಗೋಟಿ ಒಣಹಾಕಿದ್ದಳು. ನನ್ನ ಗುಲಾಬಿ ಸೀರೆಯದು, ದ್ಯಾವಮ್ಮನ ಹಸಿರು ಸೀರೆಯದು, ಇಪ್ಪತ್ತು ಮೂವತ್ತು ಇದ್ದವು. ಹಿತ್ತಿಲಲ್ಲಿ ಹಾಕು, ಹೋಗಿಬರೋರು ಕೇಳ್ತಾರೆ ಎಂದು ಅತ್ತಿಗೆ ಎಷ್ಟೋ ಸಲ ಹೇಳಿದಳಂತೆ. ಅಲ್ಲಿ ಬಿಸಿಲಿಲ್ಲ ಎಂದಳಂತೆ ಕಮಲಕ್ಕ. ಉಷಾ ಕಿಟಕಿಯ ಹತ್ತಿರ ಕೂತಿದ್ದಳು, ನನ್ನನ್ನು ನೋಡಿ ಕೈ ಎತ್ತಿದಳು.

ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಯಾರೋ ಹೆಂಗಸು ರಸ್ತೆಯಲ್ಲಿ ಹೋಗುತ್ತಿದ್ದವಳು ಹಗ್ಗ ನೋಡಿ ನಿಂತಳು. ಬೇರೆ ಊರಿನವಳಿರಬೇಕು, ಮುಖದ ತುಂಬ ನಗು.

"ಏನ್ ಮಗು ಅಕ್ಕಾ? ಗಂಡೋ ಹೆಣ್ಣೋ?"

ಜಗುಲಿಯಲ್ಲಿದ್ದ ಉಷಾಳ ತಾಯಿ ದಿಗ್ಗನೆ ಎದ್ದಳು. ಕಿಟಕಿಯಲ್ಲಿ ಉಷಾ ಅಲುಗಾಡಲಿಲ್ಲ. ಕಮಲಕ್ಕ ಕೈಯಲ್ಲಿದ್ದ ಲಂಗೋಟಿಯನ್ನು ಕೊಡವಿ, ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು.

"ಹೆಣ್ಣು" ಎಂದಳು, ಕಿಟಕಿಯವರೆಗೂ ಕೇಳುವ ಹಾಗೆ. "ಹೆಣ್ಣುಮಗು ಕಣವ್ವ. ಉಳೀಲಿಲ್ಲ. ತಾಯಿಗೆ ಹಾಲಿನ್ನೂ ನಿಂತಿಲ್ಲ, ಅದರ ಬಟ್ಟೆ ಇವು."

ಆ ಹೆಂಗಸು ಹೊರೆ ಇಳಿಸಿ ಹಗ್ಗದ ಹತ್ತಿರ ಬಂದು ನಿಂತಳು. ಬಕೆಟ್ಟಿನಲ್ಲಿ ಇನ್ನೂ ನಾಲ್ಕು ಬಟ್ಟೆ ಇದ್ದವು. ನಾನು ಹೋಗಿ ಒಂದೊಂದನ್ನೇ ಹಿಂಡಿ ಕಮಲಕ್ಕನ ಕೈಗೆ ಕೊಟ್ಟೆ.